ಹುಳ ಎಂದರೆ ಯಾವ ಹುಳ

ಪದಗಳನ್ನು ಅಳೆದು ತೂಗಿ ಬಳಸುತ್ತೇನೆಂಬ ಸಣ್ಣ ಜಂಬ ನನಗಿತ್ತು. ಕನಕಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳಿಗೆ ಅಷ್ಟಾದರೂ ಇರಬೇಕಲ್ಲ. ಅದನ್ನು ಇಳಿಸಿದ್ದು ಮರಳವಾಡಿಯಲ್ಲಿರುವ ನನ್ನ ದೊಡ್ಡಮ್ಮನ ಕುರಿ.

ದೊಡ್ಡಮ್ಮನ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ದಂಡವಾಗದಿರಲೆಂದು ಒಂದು ಕುರಿಯೂ ಇದೆ. ಅದು ಸೊರಗುತ್ತಿದೆ, ದವಡೆಯ ಕೆಳಗೆ ಊದಿಕೊಂಡಿದೆ ಎಂದು ಫೋನಿನಲ್ಲಿ ಹೇಳಿದರು. ಹೊಟ್ಟೆಯಲ್ಲಿ ಜಂತುಹುಳು ಇರಬೇಕೆನ್ನಿಸಿತು. ಕುರಿಯ ಕೆಳರೆಪ್ಪೆ ಎಳೆದು ನೋಡಲು ಹೇಳಿಕೊಟ್ಟೆ: ಒಳಗೆ ಕೆಂಪಗಿದ್ದರೆ ಚಿಂತೆಯಿಲ್ಲ, ಬಿಳಿಚಿಕೊಂಡಿದ್ದರೆ ಕುರಿ ಉಳಿಯುವುದು ಕಷ್ಟ. ಬಿಳಿಚಿಕೊಂಡಿದೆ ಎಂದರು.

ಮಾರನೆಯ ದಿನ ಫೋನ್ ಮಾಡಿ, "ದೊಡ್ಡಮ್ಮ, ಹುಳ ಹೇಗಿವೆ?" ಎಂದು ಕೇಳಿದೆ.

"ಬೋ ಚೆನ್ನಾಗವೆ ಕಣವ್ವ. ಜ್ವರ ಕಳ್ಕಂಡು ಗಬಗಬ ತಿಂತಾವೆ."

ನಮ್ಮ ಕಡೆ ಹುಳ ಎಂದರೆ ರೇಷ್ಮೆಹುಳ. ಅದು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆ ಕ್ಷಣಕ್ಕೆ ಮಾತ್ರ ತಲೆಯಲ್ಲಿ ಕುರಿಯ ಹೊಟ್ಟೆಯ ಹುಳವೇ ತುಂಬಿತ್ತು; ಪಾಪ ಕುರಿಗೆ ಜ್ವರವೂ ಬಂದಿತ್ತೇ ಎಂದುಕೊಂಡೆ.

"ನೀವು ಹೆದರಬೇಡಿ. ಬೇವಿನ ಸೊಪ್ಪು, ಪರಂಗಿ ಬೀಜ ಅರೆದು ತರುತ್ತೇನೆ. ಒಂದು ಹುಳವೂ ಉಳಿಯಲ್ಲ."

"ನಾವೇನವ್ವ ಮಾಡಿದ್ವಿ ನಿಂಗೆ?" ಎಂದರು.

ಕುರಿಯ ಹೊಟ್ಟೆಯೊಳಗಿನ ಹುಳ ಎಂದು ಬಿಡಿಸಿ ಹೇಳಿದೆ. ಅರ್ಥವಾಯಿತು, ಆದರೆ ಬೇವು ರೇಷ್ಮೆಹುಳಕ್ಕೂ ವಿಷವೆಂಬ ಭಯ ಹೋಗಲಿಲ್ಲ. "ಗೂಡು ಕಟ್ಟೋಗಂಟ ಬೇವು ನಮ್ಮಟ್ಟಿ ತಾವ ಸುಳೀಬಾರ್ದು. ಕುರಿನೇ ನಿನ್ತಾವ ಕಳುಸ್ತೀನಿ."

ಗೂಡ್ಸ್ ಆಟೋದಲ್ಲಿ ಕಳಿಸಿಯೇ ಬಿಟ್ಟರು. ಪಕ್ಕದ ಮನೆಯವರಿಗೂ ಹೆಸರು ಗೊತ್ತಾಗದಂತೆ ಬದುಕಿದ್ದ ನಾನು ಒಂದೇ ದಿನದಲ್ಲಿ ಬೀದಿಗೆಲ್ಲ ಕುರಿ ಮೇಡಂ ಆದೆ. ನನ್ನ ಬಾಡಿಗೆ ಮನೆಯ ಓನರಮ್ಮ ಬಂದು, "ಏನ್ ಮೇಡಂ, ಬೀಗರೂಟಕ್ಕಾ?" ಎಂದು ಕೇಳಿದರು. ಚಿಕಿತ್ಸೆಗೆ ಎಂದೆ. ನಂಬಲಿಲ್ಲ.

ಬೇವು, ಪರಂಗಿ ಬೀಜ ಅರೆದು ಕದಡಿದ್ದನ್ನು ಕುರಿಗಿಂತ ನನ್ನ ಚೂಡಿದಾರವೇ ಹೆಚ್ಚು ಕುಡಿಯಿತು. ರೆಪ್ಪೆ ಕೆಂಪಾಗಲಿಲ್ಲ. ಕೊನೆಗೆ ಪಶುವೈದ್ಯರನ್ನು ಕರೆಸಿದೆ. "ಇಷ್ಟು ಬಿಳಿಚಿದ ಮೇಲೆ ಬರೀ ಸೊಪ್ಪು ನಂಬ್ಕೊಂಡು ಕೂತ್ಕೋಬಾರ್ದು ಮೇಡಂ" ಎಂದು ತಮ್ಮ ಔಷಧಿ ಕುಡಿಸಿದರು. ನಾನು ಬೇವನ್ನೂ ಬಿಡಲಿಲ್ಲ. ಹೀಗಾಗಿ ಕುರಿ ಬದುಕಿದ್ದು ಯಾವುದರಿಂದ ಎಂದು ಶಾಸ್ತ್ರೀಯವಾಗಿ ಹೇಳಲಾರೆ.

ರೇಷ್ಮೆಗೂಡು ಮಾರಿದ ಮೇಲೆ ದೊಡ್ಡಮ್ಮ ಬಂದರು. ಕುರಿಯ ರೆಪ್ಪೆ ಎಳೆದು ನೋಡಿ ತಲೆದೂಗಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಓನರಮ್ಮನ ಎದುರಿಗೇ, ಹೆಬ್ಬೆರಳಿನಿಂದ ನನ್ನ ಕೆಳರೆಪ್ಪೆ ಎಳೆದರು.

"ಬಿಳಿಚ್ಕಂಡೈತೆ ಕಣವ್ವ. ಆ ಬೇವು ಅರೆದಿದ್ದು ಒಸಿ ಮಿಕ್ಕೈತಾ?"