ಕರೆಂಟ್ ಗಾಡಿಯೂ ಕುರಿಯ ಗಂಟೆಯೂ

ಕೆಲಸ ಮಾಡುವ ವಸ್ತು ಅಂದಮೇಲೆ ಸದ್ದು ಮಾಡಬೇಕು ಎಂಬುದು ನಮ್ಮ ಮನೆಯ ಹಳೆಯ ನಂಬಿಕೆ. ಮಿಕ್ಸಿ ಅರಚಿದರೆ ಚಟ್ನಿ ನುಣ್ಣಗಾಗುತ್ತಿದೆ ಎಂದರ್ಥ, ಕುಕ್ಕರು ಕೂಗಿದರೆ ಬೇಳೆ ಬೆಂದಿದೆ ಎಂದರ್ಥ, ನಮ್ಮ ಯಜಮಾನರು ಕೂಗಾಡಿದರೆ ದಿನಸಿ ಅಂಗಡಿಯ ಬಾಗಿಲು ತೆರೆಯುವ ಹೊತ್ತಾಯಿತು ಎಂದರ್ಥ. ಫ್ಯಾನು ಕಟಕಟ ಅನ್ನದಿದ್ದರೆ ನನಗೆ ನಿದ್ದೆಯೇ ಹತ್ತದು. ತಿರುಗುತ್ತಿದೆಯೋ ಇಲ್ಲವೋ ಎಂದು ಎದ್ದೆದ್ದು ನೋಡುತ್ತೇನೆ. ಇನ್ನು ಯಜಮಾನರ ಹಳೆಯ ಮೊಪೆಡ್ಡಂತೂ ರೈಲ್ವೆ ಗೇಟು ದಾಟುವಾಗಲೇ ನನಗೆ ಮನೆಯಲ್ಲಿ ಕೇಳಿಸುತ್ತಿತ್ತು. ನಾನು ಮುದ್ದೆಗೆ ಎಸರಿಟ್ಟು, ಹಿಟ್ಟು ಹಾಕಿ, ತಿರುವಿ, ಉಂಡೆ ಕಟ್ಟುವ ಹೊತ್ತಿಗೆ ಸರಿಯಾಗಿ ಅವರು ಬಾಗಿಲಿಗೆ ಬರುತ್ತಿದ್ದರು. ಹಿಂದೂಪುರದಲ್ಲಿ ನಮ್ಮ ಸಂಸಾರ ಹೀಗೆ ಸದ್ದಿನ ಲೆಕ್ಕದಲ್ಲಿಯೇ ಸುಖವಾಗಿ ನಡೆದುಕೊಂಡು ಬಂದಿತ್ತು. ಇಂಥ ಮನೆಗೆ ಒಂದು ದಸರೆಯಲ್ಲಿ ಕರೆಂಟ್ ಗಾಡಿ ಬಂತು.

ಬಂದಿದ್ದು ನನಗಾಗಿ. ನಾನು ಕೆಲಸ ಮಾಡುವ ಕನ್ನಡ ಶಾಲೆ ರೈಲ್ವೆ ಗೇಟಿನ ಆಚೆಗಿದೆ. ಮದುವೆಯಾದಾಗಿನಿಂದ ದಿನಾ ಬೆಳಿಗ್ಗೆ ಯಜಮಾನರೇ ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಿಡುತ್ತಿದ್ದರು. ಅವರಿಗೆ ಅಂಗಡಿಯ ಅವಸರ, ನನಗೆ ಪ್ರಾರ್ಥನೆಯ ಅವಸರ. ಇಬ್ಬರ ಅವಸರಗಳೂ ದಾರಿಯುದ್ದಕ್ಕೂ ಜಗಳವಾಡಿಕೊಂಡೇ ಹೋಗುತ್ತಿದ್ದವು. ಬೇರೆಯವರ ಬೆನ್ನು ನೋಡಿಕೊಂಡು ಕೂತು ಕೂತು ನನಗೂ ಸಾಕಾಗಿತ್ತು. ಅಷ್ಟು ವರ್ಷಗಳಲ್ಲಿ ಊರು ಎಷ್ಟು ಬೆಳೆಯಿತೋ ನಾನು ಕಾಣೆ, ಅವರ ಅಂಗಿಯ ಕಾಲರುಗಳು ಮಾತ್ರ ನನಗೆ ಚೆನ್ನಾಗಿ ಗೊತ್ತು. ಅಷ್ಟರಲ್ಲಿ ಊರಿಗೆ ಈ ಹೊಸ ಗಾಡಿಗಳು ಬಂದವು. ಪೆಟ್ರೋಲ್ ಬೇಡ, ಗೇರ್ ಇಲ್ಲ, ಲೈಸೆನ್ಸನ್ನೂ ಕೇಳುವುದಿಲ್ಲ, ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮುಗಿಯಿತು ಎಂದು ಅಂಗಡಿಯವನು ಹೇಳಿದ. ಸೈಕಲ್ಲನ್ನೇ ನೆಟ್ಟಗೆ ಕಲಿಯದ ನಾನು, ಇದು ದೇವರು ನನಗಾಗಿಯೇ ಕಳಿಸಿದ ಗಾಡಿ ಎಂದುಕೊಂಡೆ.

ಪೂಜೆಗೆಂದು ಕಲ್ಯಾಣದುರ್ಗದಿಂದ ನನ್ನ ನಾದಿನಿ ಗೌರಿ ಬಂದಿದ್ದಳು. ಯಜಮಾನರ ಒಬ್ಬಳೇ ತಂಗಿ. ಗಾಡಿಯನ್ನು ಸುತ್ತು ಹಾಕಿ ನೋಡಿದವಳೇ, "ಬಲೇ ಐತೆ ಕಣತ್ಗೆ! ನಿಂಗ್ಯಾತಕ್ಕೆ ಇದು? ಬಿದ್ದುಗಿದ್ದೀಯ, ನಂಗೆ ಕೊಟ್ಬುಡು," ಎಂದು ನಕ್ಕಳು. ನಗುವಿನ ಹಿಂದೆ ನಿಜವೂ ಇತ್ತು. ಹೆಂಗಸರ ಕಣ್ಣಿಗೆ ಅದು ಬೇಗ ಕಾಣುತ್ತದೆ. ಗಾಡಿಯ ಹಣೆಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟೆವು. ನಿಂಬೆಹಣ್ಣು ತುಳಿಸುವ ಗೌರವ ಮನೆಯ ಯಜಮಾನರದು ತಾನೇ? ಅವರು ಪಂಚೆ ಎತ್ತಿ ಕಟ್ಟಿ ಕೂತರು. ಕೀಲಿ ತಿರುಗಿಸಿದರು. ಸದ್ದಿಲ್ಲ. ಮತ್ತೆ ತಿರುಗಿಸಿದರು. ಆಗಲೂ ಇಲ್ಲ. "ಏನೋ ಕೆಟ್ಟೈತೆ ಕಣ್ರೋ, ಸ್ಟಾರ್ಟೇ ಆಗಾಕಿಲ್ಲ," ಎಂದರು. ಆಮೇಲೆ ಮೊಪೆಡ್ಡಿನ ಅಭ್ಯಾಸದಂತೆ, ಇಂಜಿನ್ನಿಗೆ ಸ್ವಲ್ಪ ಧೈರ್ಯ ಬರಲಿ ಎಂದು ಬಲಗೈ ಹಿಡಿಯನ್ನು ಪೂರ್ತಿ ತಿರುವಿದರು.

ಗಾಡಿ ಆಗಲೇ ಸ್ಟಾರ್ಟ್ ಆಗಿತ್ತು. ನಿಂಬೆಹಣ್ಣು, ರಂಗೋಲಿ, ಕರ್ಪೂರದ ತಟ್ಟೆ ಎಲ್ಲವನ್ನೂ ದಾಟಿ, ಯಜಮಾನರನ್ನೂ ಹೊತ್ತುಕೊಂಡು ಅದು ನೇರವಾಗಿ ಬೀದಿಯ ನಲ್ಲಿಯ ಕಡೆ ಹೊರಟಿತು. ಹಿಂದೂಪುರದ ನಲ್ಲಿ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು: ನೀರು ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದ ಕಾರಣ, ಬೆಳಕು ಹರಿಯುವ ಮುಂಚೆಯೇ ಎಲ್ಲರೂ ತಂತಮ್ಮ ಪ್ಲಾಸ್ಟಿಕ್ ಬಿಂದಿಗೆ ತಂದು ಸಾಲಾಗಿ ಇಟ್ಟು ಹೋಗುತ್ತಾರೆ. ಮನುಷ್ಯರು ಮನೆಯಲ್ಲಿರುತ್ತಾರೆ, ಬಿಂದಿಗೆಗಳು ಕಾಯುತ್ತವೆ. ಗಂಡ ಹೆಂಡಿರ ಜಗಳದಲ್ಲಿ ಬೇಕಾದರೆ ತಲೆ ಹಾಕಬಹುದು, ಆ ಸಾಲಿಗೆ ಮಾತ್ರ ಕೈ ಹಾಕಬಾರದು. ನಮ್ಮ ಯಜಮಾನರು ಅದರ ನಡುಮಧ್ಯಕ್ಕೆ ಗಾಡಿ ನುಗ್ಗಿಸಿದರು. ಕೆಂಪು, ಹಸಿರು, ನೀಲಿ ಬಿಂದಿಗೆಗಳು ದಿಕ್ಕಾಪಾಲಾಗಿ ಉರುಳಿದವು. ಅವರಿಗೆ ಏನೂ ಆಗಿರಲಿಲ್ಲ. ಹಾರ ಕೊರಳಿಗೆ ಬಂದು ಬಿದ್ದಿದ್ದರಿಂದ ಸ್ವಲ್ಪ ಮದುಮಗನ ಕಳೆಯೇ ಬಂದಿತ್ತು. ಆದರೆ ಯಾರ ಬಿಂದಿಗೆ ಯಾರದಕ್ಕಿಂತ ಮುಂದಿತ್ತು ಎಂಬ ಪ್ರಶ್ನೆ ಎದ್ದು, ಪಕ್ಕದ ಮನೆಯ ರುದ್ರಮ್ಮ ಕನ್ನಡದಲ್ಲಿ ಶುರು ಮಾಡಿದ ಜಗಳ ತೆಲುಗಿಗೆ ಹೋಗಿ, ತಿರುಗಿ ಕನ್ನಡಕ್ಕೆ ಬಂದು, ಸಂಜೆಯವರೆಗೂ ನಡೆಯಿತು.

ಗಂಡಸಿಗೆ ಅವಮಾನವಾದರೆ ಅದರ ತೀರ್ಪು ಹೆಂಡತಿಯ ಮೇಲೆ ಬರುತ್ತದೆ. ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಹೇಳಿದರು: "ನೋಡೇ, ನಾನಂತೂ ಆ ಮೂಗಿ ಗಾಡೀನ ಇನ್ನು ಮುಟ್ಟಾಕಿಲ್ಲ. ಸಂಕ್ರಾಂತಿ ಒಳಗೆ ನೀನೇ ಓಡಿಸ್ಕಂಡು, ಆ ರೈಲ್ವೆ ಗೇಟು ದಾಟಿ, ಶಾಲೆಗೆ ಹೋಗ್ಬೇಕು. ಇಲ್ಲಾಂದ್ರೆ ಗಾಡಿ ಗೌರಿಗೆ." ಗೌರಿ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದಳು, ಆದರೆ ಅವಳ ಕಿವಿಯೋಲೆ ಕೂಡ ನಗುತ್ತಿದ್ದಂತೆ ನನಗೆ ಕಂಡಿತು. ಗಾಡಿ ಹೋದರೆ ಜೀವಮಾನವೆಲ್ಲ ಆ ಕಾಲರುಗಳೇ ಗತಿ ಎಂದು ಯೋಚಿಸಿ ನನಗೆ ಅನ್ನವೇ ಸೇರಲಿಲ್ಲ.

ಮಾರ್ಕೆಟ್ ಯಾರ್ಡಿನ ಬಯಲಿನಲ್ಲಿ ಭಾನುವಾರಗಳಂದು ನನ್ನ ಅಭ್ಯಾಸ ನಡೆಯಿತು. ಯಜಮಾನರು ಗಾಡಿ ಮುಟ್ಟುವುದಿಲ್ಲವೆಂದು ಶಪಥ ಮಾಡಿದ್ದರಿಂದ ನನ್ನ ಸೆರಗು ಹಿಡಿದುಕೊಂಡು ಹಿಂದೆ ಓಡುತ್ತಿದ್ದರು. ಓಡಿಸುವುದು ಕಷ್ಟವಿರಲಿಲ್ಲ, ನಿಲ್ಲಿಸಿದೆ ಎಂದು ನಂಬುವುದೇ ಕಷ್ಟ. ಇಳಿದು, ಕೀಲಿ ತೆಗೆಯುವುದನ್ನು ಮರೆತು, ಹಿಡಿ ಹಿಡಿದುಕೊಂಡು ತಳ್ಳಲು ಹೋದರೆ ಸಾಕು, ಅದು ಸಂತೆಯಲ್ಲಿ ಹಗ್ಗ ಕಿತ್ತುಕೊಂಡ ಹೋರಿಯಂತೆ ನನ್ನನ್ನೂ ಎಳೆದುಕೊಂಡು ಓಡುತ್ತಿತ್ತು. ಚಾರ್ಜು ಹಾಕುವುದು ಇನ್ನೊಂದು ವ್ರತ. ಕರೆಂಟು ಯಾವಾಗ ಬರುತ್ತದೋ ಆಗ ಕಿಟಕಿಯಿಂದ ವೈರು ಎಳೆದು ಸಿಕ್ಕಿಸಬೇಕು. ಅದೇ ಪ್ಲಗ್ಗಿಗೆ ಮಿಕ್ಸಿಯೂ ಬೇಕು. ಎಷ್ಟೋ ದಿನ ಚಟ್ನಿಗೂ ಗಾಡಿಗೂ ಪೈಪೋಟಿ ನಡೆದು, ಗಾಡಿ ಗೆದ್ದು, ನಾವು ಉಪ್ಪಿನಕಾಯಿಯಲ್ಲಿ ದೋಸೆ ತಿಂದಿದ್ದೇವೆ. ಒಂದು ದಿನ ದಾರಿಯಲ್ಲಿ ಪೊಲೀಸಿನವರೊಬ್ಬರು ತಡೆದು, ನಂಬರ್ ಪ್ಲೇಟಿಲ್ಲದ ಗಾಡಿಯನ್ನು ಹಿಂದೆ ಮುಂದೆ ನೋಡಿ, "ಇದಿ ಬಂಡೀನಾ, ಬೊಮ್ಮನಾ ಅಮ್ಮಾ?" ಎಂದು ಕೇಳಿದರು. ಗಾಡಿಯೋ ಆಟದ ಬೊಂಬೆಯೋ ಎಂಬುದರ ಬಗ್ಗೆ ನನಗೂ ಆಗ ಖಾತ್ರಿ ಇರಲಿಲ್ಲ.

ಬೀದಿಗಳಲ್ಲಿ ಓಡಾಡುವುದು ಬೇಗ ಬಂತು. ಆಗಲೇ ನನಗೆ ಈ ಗಾಡಿಯ ದೊಡ್ಡ ವರ ತಿಳಿದದ್ದು. ಮೊಪೆಡ್ಡಿನಲ್ಲಿ ಬರುವಾಗ ನಮ್ಮ ಸದ್ದು ನಮಗಿಂತ ಮುಂಚೆ ಬಂದು, ಬೀದಿಯವರೆಲ್ಲ ಮಾತು ಬದಲಿಸಿ, ಹಸನ್ಮುಖಿಗಳಾಗಿ ನಿಂತಿರುತ್ತಿದ್ದರು. ಈಗ ನಾನು ಬಂದದ್ದೇ ಯಾರಿಗೂ ತಿಳಿಯದು. ಮಾತುಗಳು ಬಿಸಿಬಿಸಿಯಾಗಿ, ಇಡಿಯಾಗಿ ಕಿವಿಗೆ ಬೀಳುತ್ತಿದ್ದವು. ಯಾರ ಮನೆಯ ಸೊಸೆ ತವರಿಗೆ ಹೋಗಿದ್ದಾಳೆ, ಯಾರ ಸಾರಿನಲ್ಲಿ ಉಪ್ಪಿಲ್ಲ ಎಲ್ಲವೂ ಒಂದೇ ಸುತ್ತಿನಲ್ಲಿ ಗೊತ್ತಾಗುತ್ತಿತ್ತು. ಹಾರನ್ ಇತ್ತು. ಆದರೆ ನಾನು ಬೇಕೆಂದೇ ಒತ್ತುತ್ತಿರಲಿಲ್ಲ. ಹೀಗೆ ಒಂದು ಸಂಜೆ ಬರುವಾಗ ನಲ್ಲಿಯ ಹತ್ತಿರ ರುದ್ರಮ್ಮ ನನಗೆ ಬೆನ್ನು ಮಾಡಿ ನಿಂತು ಹೇಳುತ್ತಿದ್ದಳು: "ಅಯ್ಯೋ ಬಿಡಮ್ಮ, ಟೀಚರಮ್ಮ ಗಾಡಿ ಓಡಿಸ್ತಾಳಂತೆ ಗಾಡಿ! ಬೀದಿ ಒಳಗೆ ಮೆರವಣಿಗೆ ಅಷ್ಟೇಯ. ಗೇಟು ಬಂತು ಅಂದ್ರೆ ಇಳ್ಕಂಡು, ಎಮ್ಮೆ ತಳ್ಳಿದಂಗೆ ತಳ್ಕಂಡು ಹೋಯ್ತಾಳೆ. ಕಣ್ಣಾರೆ ಕಂಡಿವ್ನಿ ಕಣಮ್ಮ!" ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು, ಆದರೆ ಅದು ನಿಜ. ಗೇಟಿನ ಎರಡೂ ಕಡೆ ಲಾರಿ, ಆಟೋ, ಎತ್ತಿನ ಗಾಡಿಗಳು ರಸ್ತೆ ತುಂಬ ಎದುರುಬದುರು ನಿಂತು, ಗೇಟು ಎದ್ದ ಕೂಡಲೇ ಒಂದರ ಮೇಲೊಂದು ಬೀಳುವಂತೆ ನುಗ್ಗುವುದನ್ನು ಕಂಡರೆ ನನ್ನ ಕಾಲುಗಳು ತಾವಾಗಿಯೇ ಇಳಿಯುತ್ತಿದ್ದವು. ನಾನು ಕೆಮ್ಮಿದೆ. ರುದ್ರಮ್ಮ ತಿರುಗಿ ನೋಡಿ ಎದೆ ಹಿಡಿದುಕೊಂಡಳು. "ಅಮ್ಮೋ! ಯಾವಾಗ ಬಂದ್ರಿ ಟೀಚರಮ್ಮ? ದೆವ್ವ ಬಂದಂಗೆ ಬಂದ್ಬುಟ್ರಲ್ಲ! ಕುರಿಗೆ ಕಟ್ತಾರಲ್ಲ, ಅಂಥ ಗಂಟೆ ಒಂದು ಕಟ್ರಮ್ಮ ಇದಕ್ಕೆ!"

ಆ ಎಮ್ಮೆಯ ಮಾತು ನನ್ನನ್ನು ಬಹಳ ಚುಚ್ಚಿತು. ಮಾರನೆಯ ಬೆಳಿಗ್ಗೆ ಗೇಟಿನ ಮುಂದೆ ಲಾರಿಗಳ ನಡುವೆ ನಾನು ಇಳಿಯದೆ ಕೂತೆ. ಯಜಮಾನರು ನನಗೆ ತಿಳಿಯದಂತೆ ಗುಟ್ಟಾಗಿ ಹಿಂಬಾಲಿಸುತ್ತಿದ್ದರಂತೆ. ಆ ಮೊಪೆಡ್ಡಿನಲ್ಲಿ ಗುಟ್ಟು! ಅದರ ಸದ್ದು ಬೆನ್ನ ಹಿಂದೆ ಕೇಳುತ್ತಿದ್ದರೆ, ಹೇಳಲು ನಾಚಿಕೆ, ನನಗೆ ಎಲ್ಲಿಲ್ಲದ ಧೈರ್ಯ ಬಂತು. ಗೇಟು ಎದ್ದಿತು. ನಾನು ಕದಲಲಿಲ್ಲ. ಪಕ್ಕದ ಲಾರಿಯ ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಪೋಮ್ಮಾ ಪೋ! ಮಳ್ಳಾ ಇಂಕೋ ರೈಲು ಒಸ್ತುಂದಿ!" ಎಂದು ಕೂಗಿದ. ಇನ್ನೊಂದು ರೈಲು ಬರುವವರೆಗೆ ಕಾಯುವ ಹೆಂಗಸೆಂದು ನನ್ನನ್ನು ತಿಳಿದನಲ್ಲ ಎಂದು ಸಿಟ್ಟು ಬಂದು ಹಿಡಿ ತಿರುವಿದೆ. ಕಣ್ಣು ತೆರೆದು ನೋಡಿದರೆ ಹಳಿಗಳ ಆಚೆ ಇದ್ದೆ. ಇಷ್ಟು ಖುಷಿ ನನಗೆ ಕೆಲಸದ ಆರ್ಡರು ಬಂದ ದಿನವೂ ಆಗಿರಲಿಲ್ಲ. ಹಿಂದೆ ಮೊಪೆಡ್ಡು ನಿಂತಿತು. ಯಜಮಾನರು ಏನೂ ಗೊತ್ತಿಲ್ಲದವರಂತೆ ಹೂವಿನವಳ ಹತ್ತಿರ ಮಲ್ಲಿಗೆಯ ಬೆಲೆ ವಿಚಾರಿಸುತ್ತಿದ್ದರು.

ಸಂಕ್ರಾಂತಿಗೆ ಗೌರಿ ಬಂದಳು. ಗಾಡಿ ಸಾಗಿಸಲು ಕಡಲೆಕಾಯಿ ಲಾರಿಯವನಿಗೆ ಹೇಳಿಟ್ಟೇ ಬಂದಿದ್ದಳು. ನಾನು ಅವಳನ್ನೇ ಹಿಂದೆ ಕೂರಿಸಿಕೊಂಡು ಗೇಟು ದಾಟಿಸಿ, ಶಾಲೆ ತೋರಿಸಿ, ತಿರುಗಿ ಕರೆತಂದೆ. ದಾರಿಯುದ್ದಕ್ಕೂ ನನ್ನ ಸೊಂಟ ಹಿಡಿದುಕೊಂಡು ಶಿವಶಿವಾ ಎನ್ನುತ್ತಿದ್ದವಳು ಇಳಿದ ಮೇಲೆ, "ಗಾಡಿ ನಿಂದೇ ಕಣತ್ಗೆ, ಅಣ್ಣಂಗೆ ನಾನೇ ಹೇಳ್ತೀನಿ. ಆದ್ರೆ ನಂಗೂ ಒಂದು ಬೇಕು," ಎಂದಳು. ಶಿವರಾತ್ರಿಯ ಹೊತ್ತಿಗೆ ಕಲ್ಯಾಣದುರ್ಗದಲ್ಲೂ ಒಂದು ಕರೆಂಟ್ ಗಾಡಿ ಓಡಾಡತೊಡಗಿತು.

ಕಥೆ ಇಲ್ಲಿಗೇ ನಿಂತಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಬೇಸಿಗೆ ರಜೆಗೆ ನಾನು ಗೌರಿಯ ಮನೆಗೆ ಹೋದೆ. ಅವಳು ಕೊತ್ತಂಬರಿ ಸೊಪ್ಪು ತರುತ್ತೇನೆಂದು ಗಾಡಿ ಹತ್ತಿ ಹೋದಳು. ನಾನು ಜಗಲಿಯ ಮೇಲೆ ಎದುರು ಮನೆಯ ಅಜ್ಜಿಯ ಜೊತೆ ಕಡಲೆಕಾಯಿ ಸುಲಿಯುತ್ತ ಕೂತೆ. "ನಿನ್ ನಾದಿನಿ ಗಾಡಿ ಓಡಿಸೋದು ಒಳ್ಳೆ ಕಲ್ತವಳೆ ಕಣಮ್ಮ," ಎಂದಿತು ಅಜ್ಜಿ. ಹೂಂ ಎಂದು ಸುಮ್ಮನಾಗಬಹುದಿತ್ತು. ಆದರೆ ಅವಳಿಗಿಂತ ಮೊದಲು ಗಾಡಿ ಕಲಿತ ಗುರು ನಾನೆಂಬ ಗತ್ತು ತಲೆಗೇರಿತ್ತು. "ಅಯ್ಯೋ ಬಿಡಜ್ಜಿ, ಬೀದಿ ಒಳಗೆ ಮೆರವಣಿಗೆ ಅಷ್ಟೇ. ಬಸ್ ಸ್ಟ್ಯಾಂಡು ಬಂತು ಅಂದ್ರೆ ಇಳ್ಕಂಡು, ಎಮ್ಮೆ ತಳ್ಳಿದಂಗೆ ತಳ್ಕಂಡು ಹೋಗ್ತಾಳೆ. ಕಣ್ಣಾರೆ ಕಂಡಿದೀನಿ!" ಎಂದುಬಿಟ್ಟೆ. ನಾನು ಕಣ್ಣಾರೆ ಕಂಡದ್ದು ಏನೂ ಇರಲಿಲ್ಲ. ರುದ್ರಮ್ಮನ ಮಾತು ಹಾಗೇ ಬಾಯಿಗೆ ಬಂದಿತ್ತು. ಅಜ್ಜಿ ಸುಲಿಯುವುದನ್ನು ನಿಲ್ಲಿಸಿ ನನ್ನ ಹೆಗಲಿನಾಚೆ ನೋಡತೊಡಗಿತು. ತಿರುಗಿದರೆ, ಒಂದು ಕಾಲು ನೆಲಕ್ಕೆ ಊರಿ, ಹಿಡಿಗೆ ಸೊಪ್ಪಿನ ಚೀಲ ತೂಗುಹಾಕಿಕೊಂಡು ಗೌರಿ ನಿಂತಿದ್ದಳು. "ಮುಂದಕ್ಕೆ ಹೇಳತ್ಗೆ, ಯಾಕೆ ನಿಲ್ಲಿಸ್ಬುಟ್ಟೆ?" ಎಂದಳು.

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಗೌರಿ ಸಿಟ್ಟಾಗಲಿಲ್ಲ, ಹಿಂದಿನ ಸೀಟು ತಟ್ಟಿ, "ಹತ್ತು," ಎಂದಳು. ಹತ್ತಿದೆ. ಬಸ್ ಸ್ಟ್ಯಾಂಡಿನಲ್ಲಿ ಕುಂದುರ್ಪಿಯ ಬಸ್ಸು ಹಿಂದಕ್ಕೆ ಬರುತ್ತಿತ್ತು, ಎದುರಿಗೆ ಆಟೋಗಳು, ನಡುವೆ ಒಂದು ಕುರಿಯ ಹಿಂಡು. ನಾನು ಅವಳ ಸೊಂಟ ಹಿಡಿದುಕೊಂಡು ಶಿವಶಿವಾ ಎನ್ನುವಷ್ಟರಲ್ಲಿ ಅವಳು ಎಲ್ಲವನ್ನೂ ನೀಟಾಗಿ ದಾಟಿಸಿ, ಕುರಿಗಾಹಿಗಳಿಗೆ ಹಗ್ಗ, ಗಂಟೆ ಮಾರುವ ಅಂಗಡಿಯ ಮುಂದೆ ನಿಲ್ಲಿಸಿದಳು. ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡೆವು. ಅಲ್ಲೇ ಒಂದು ಹಿತ್ತಾಳೆಯ ಗಂಟೆ ಕೊಂಡು ಅವಳ ಗಾಡಿಗೆ ಕಟ್ಟಿ, "ದೃಷ್ಟಿ ಆಗದೇ ಇರಲಿ," ಎಂದೆ. "ಹಂಗಾದ್ರೆ ನಿಂಗೂ ದೃಷ್ಟಿ ಆಗಬಾರ್ದು," ಎಂದು ಅವಳು ಅಂಥದ್ದೇ ಇನ್ನೊಂದು ತೆಗೆದುಕೊಂಡು ನನ್ನ ಕೈಗಿಟ್ಟಳು.

ಗೌರಿಯ ಗಾಡಿ ಈಗಲೂ ಗಂಟೆ ಬಾರಿಸಿಕೊಂಡೇ ಓಡಾಡುತ್ತದೆ. ಅಲ್ಲಿಗೆ ಹೋದಾಗ ನಾನು ನಿಶ್ಚಿಂತೆಯಿಂದ ಜಗಲಿಯ ಮೇಲೆ ಕೂತು ಮಾತಾಡುತ್ತೇನೆ. ನನ್ನ ಗಂಟೆಯನ್ನೂ ಕಟ್ಟಬೇಕು, ಖಂಡಿತ ಕಟ್ಟುತ್ತೇನೆ. ಸದ್ಯಕ್ಕೆ ಅದು ಬೀರುವಿನಲ್ಲಿ ಸೀರೆಗಳ ಕೆಳಗಿದೆ. ನಿನ್ನೆ ಸಂಜೆ ರುದ್ರಮ್ಮ ಯಾರದೋ ವಿಷಯ ಅರ್ಧ ಹೇಳುತ್ತಿದ್ದಾಗ ನನಗೆ ಸೀನು ಬಂದು, ಅವಳು ತಿರುಗಿ ನೋಡಿ, ಎಲ್ಲ ಕೆಟ್ಟಿತು. ಉಳಿದರ್ಧ ಕೇಳಿಸಿಕೊಂಡ ಮೇಲೆ ಕಟ್ಟೋಣ ಎಂದುಕೊಂಡಿದ್ದೇನೆ.