ನಿಯಮ ಹದಿನೇಳರ ಪ್ರಕಾರ ನನ್ನ ತೂಕ

ಎದ್ದು ನಿಲ್ಲಲಾರದ ನಾಗರಿಕನನ್ನು ಆಸ್ಪತ್ರೆಯ ಜವಾನನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲತಕ್ಕದ್ದು. ಬಂದ ಮೊತ್ತದಲ್ಲಿ ಜವಾನನ ತೂಕ ಕಳೆದು ಉಳಿದದ್ದೇ ನಾಗರಿಕನ ತೂಕವೆಂದು ಭಾವಿಸತಕ್ಕದ್ದು. ಇದು ನಿಯಮ ಹದಿನೇಳು. ಜವಾನನ ತೂಕವನ್ನು ಸೇವಾ ಪುಸ್ತಕದಲ್ಲಿ ನೋಡಿಕೊಳ್ಳಬೇಕು. ನಮ್ಮ ಆಸ್ಪತ್ರೆಯ ಜವಾನರು ಇಪ್ಪತ್ತೆರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ದಿನ ಐವತ್ತೆರಡು ಕಿಲೋ ಇದ್ದರು. ಈಗ ಎಂಬತ್ತು ಇದ್ದಾರೆ, ಆದರೆ ಅದು ಅವರ ಖಾಸಗಿ ವಿಷಯ.

ನನಗೆ ಹೊಸ ಗಾಲಿಕುರ್ಚಿ ಬೇಕಿತ್ತು. ಹಳೆಯದರ ಮುಂದಿನ ಗಾಲಿಯನ್ನು ತಂತಿಯಲ್ಲಿ ಕಟ್ಟಿದ್ದೆ; ನೇರ ಹೋಗೆಂದರೆ ಎಡಕ್ಕೆ ಹೋಗುತ್ತಿತ್ತು. ಕರಡು ತಿದ್ದಲು ಛಾಪಖಾನೆಗೆ ಹೊರಟವನು ಎಷ್ಟೋ ಸಲ ಪಕ್ಕದ ಕ್ಷೌರದಂಗಡಿ ತಲುಪಿ, ಮರ್ಯಾದೆಗಾಗಿ ಕೂದಲು ಕತ್ತರಿಸಿಕೊಂಡು ಬಂದಿದ್ದೇನೆ. ತಲೆಯಲ್ಲಿ ಇನ್ನು ಹೆಚ್ಚು ಉಳಿದಿರಲಿಲ್ಲ. ಆದರೆ ಸರ್ಕಾರ ಕೊಡುವ ಹೊಸ ಕುರ್ಚಿ ಆರೋಗ್ಯಕರ ತೂಕದವರಿಗೆ, ಅಂದರೆ ಅರವತ್ತೈದು ಕಿಲೋ ಮೀರದವರಿಗೆ ಮಾತ್ರ.

ಜವಾನರು ನನ್ನನ್ನು ಎತ್ತಿಕೊಂಡು ನಿಂತರು. ಯಂತ್ರ ನೂರ ನಲವತ್ತೊಂದು ತೋರಿಸಿತು. ಡಾಕ್ಟರು ಐವತ್ತೆರಡು ಕಳೆದು ಪ್ರಮಾಣಪತ್ರದಲ್ಲಿ ಎಂಬತ್ತೊಂಬತ್ತು ಎಂದು ಬರೆದು ಮೊಹರು ಒತ್ತಿದರು.

“ಇವರೇ ಎಂಬತ್ತಿದ್ದಾರಲ್ಲ ಡಾಕ್ಟ್ರೇ. ನಾನು ಅರವತ್ತೊಂದೇ ಇರೋದು,” ಎಂದೆ.

“ಸೇವಾ ಪುಸ್ತಕ ತಿದ್ದೋಕೆ ಬರಲ್ಲ. ನಿಮ್ಮನ್ನ ತಿದ್ದೋದು ಸುಲಭ. ಇಪ್ಪತ್ನಾಲ್ಕು ಕಿಲೋ ಇಳಿಸಿ.”

ಮೂವತ್ತು ವರ್ಷ ಪರರ ತಪ್ಪು ತಿದ್ದಿದವನು ನಾನು, ಮೊಹರು ಬಿದ್ದ ಕಾಗದ ಕಂಡರೆ ಮಾತ್ರ ಪೆನ್ನು ಮುಚ್ಚಿಬಿಡುತ್ತೇನೆ. ಪ್ರಮಾಣಪತ್ರ ಓದಿದ ಸಂಜೆಯಿಂದಲೇ ಮೈ ಭಾರವೆನಿಸಿ ಏದುಸಿರು ಬಂತು.

ಮೂರು ತಿಂಗಳು ಹೆಂಡತಿ ನನಗೆ ಸೌತೆಕಾಯಿ ಹಾಕಿದಳು. ನನ್ನ ಪಾಲಿನ ಊಟ ಹಾಳಾಗಬಾರದೆಂದು ಡಬ್ಬಿಗೆ ತುಂಬಿ, ಪಾಪ ನನ್ನನ್ನು ಹೊರುವವರೆಂದು ಜವಾನರಿಗೆ ಕಳಿಸಿದಳು. ನಾನು ಐವತ್ತೈದಕ್ಕೆ ಇಳಿದೆ, ಅವರು ಎಂಬತ್ತಾರಕ್ಕೆ ಏರಿದರು. ಯಂತ್ರ ಮತ್ತೆ ನೂರ ನಲವತ್ತೊಂದು ತೋರಿಸಿತು.

“ಒಂದು ಗ್ರಾಮೂ ಇಳಿದಿಲ್ಲ. ಕದ್ದು ತಿಂತೀರಾ?” ಎಂದರು ಡಾಕ್ಟರು.

ಜವಾನರು ನೆಲ ನೋಡಿದರು. ಹೆಂಡತಿ ಲೆಕ್ಕ ಹಾಕಿ, “ರೀ, ಪಥ್ಯ ಮಾಡಬೇಕಾದ್ದು ನೀವಲ್ಲ, ಇವರು,” ಎಂದಳು.

“ಆಗಲಿ ಅಕ್ಕಾ. ಆದ್ರೆ ಡಬ್ಬಿ ಮಾತ್ರ ನನ್ನ ಕಣ್ಣಿಗೆ ಬೀಳಿಸಬೇಡಿ,” ಎಂದರು ಜವಾನರು.

ಒಳ್ಳೆಯ ಮನುಷ್ಯ. ತಿಂಗಳುಗಟ್ಟಲೆ ಬೆಳಗ್ಗೆ ಎದ್ದು ನನ್ನ ಆರೋಗ್ಯಕ್ಕಾಗಿ ಓಡಿದರು, ಮೆಟ್ಟಿಲು ಹತ್ತಿದರು. ಅರವತ್ತೆರಡಕ್ಕೆ ಇಳಿದರು. ಈ ಗಡಿಬಿಡಿಯಲ್ಲಿ ನನ್ನ ಪಥ್ಯ ನಿಲ್ಲಿಸುವುದು ಯಾರಿಗೂ ನೆನಪಾಗಲಿಲ್ಲ; ನಾನು ಐವತ್ತೈದರಲ್ಲೇ ಉಳಿದೆ. ಯಂತ್ರ ನೂರ ಹದಿನೇಳು ತೋರಿಸಿತು. ಐವತ್ತೆರಡು ಕಳೆದರೆ ನಾನು ಸರಿಯಾಗಿ ಅರವತ್ತೈದು. ಡಾಕ್ಟರು ನನ್ನ ಬೆನ್ನು ತಟ್ಟಿ, “ಮನಸ್ಸು ಮಾಡಿದ್ರೆ ಆಗುತ್ತೆ ನೋಡಿ,” ಎಂದರು. ನಾನು ಸಂಕೋಚದಿಂದ ಒಪ್ಪಿಕೊಂಡೆ.

ಕುರ್ಚಿ ಬಂತು. ನೇರ ಹೋಯಿತು. ಕ್ಷೌರದಂಗಡಿ ದಾಟಿದಾಗ ನನಗೆ ಕಣ್ಣಲ್ಲಿ ನೀರು ಬಂತು, ಕ್ಷೌರಿಕನಿಗೂ ಬಂದಿರಬೇಕು. ಆದರೆ ಅದು ಅರವತ್ತೈದು ಕಿಲೋದವನ ಅಳತೆಗೆ ಮಾಡಿದ ಕುರ್ಚಿ. ಡಬ್ಬಿಯಲ್ಲಿ ಉಳಿದ ಒಂದೇ ಬಿಸ್ಕತ್ತಿನ ಹಾಗೆ ನಾನು ಒಳಗೆ ಅಲ್ಲಾಡುತ್ತಿದ್ದೆ.

“ಕುರ್ಚಿ ತುಂಬಬೇಕು, ಇಲ್ಲಾಂದ್ರೆ ವಾಪಸ್ ತಗೋತಾರೆ,” ಎಂದರು ಡಾಕ್ಟರು. “ಮೂರು ತಿಂಗಳಿಗೆ ಮರುತಪಾಸಣೆ. ಆಗಲೂ ಅರವತ್ತೈದೇ ಬರಬೇಕು.”

ಅಂದರೆ ಯಂತ್ರ ಮತ್ತೆ ನೂರ ಹದಿನೇಳೇ ತೋರಿಸಬೇಕು; ನಾನು ನಿಜವಾಗಿ ಅರವತ್ತೈದಾದರೆ ಜವಾನರು ಐವತ್ತೆರಡಾಗಬೇಕು.

“ಐವತ್ತೆರಡಾ ಸಾರ್?” ಎಂದರು ಅವರು. “ಮದುವೆಗೆ ಮುಂಚೆ ಇದ್ದೆ.”

ಸೇವಾ ಪುಸ್ತಕದಲ್ಲಾಗಲಿ ಪ್ರಮಾಣಪತ್ರದಲ್ಲಾಗಲಿ ತಪ್ಪಿರಲಿಲ್ಲವೆಂದು ಆಗ ನಮಗೆ ಅರಿವಾಯಿತು. ತಪ್ಪಿದ್ದದ್ದು ನಮ್ಮಿಬ್ಬರಲ್ಲಿ. ಈಗ ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಬಳಿ ಎದುರುಬದುರು ಕೂರುತ್ತೇವೆ. ಡಬ್ಬಿ ನನಗೆ, ಸೌತೆಕಾಯಿ ಅವರಿಗೆ. ಇಬ್ಬರೂ ತಿದ್ದುಪಡಿಯಾಗುತ್ತಿದ್ದೇವೆ.