ಬಲ್ಬು ತರಲು ಹೋದವರ ಕುರ್ಚಿ

ನಮ್ಮ ಕಾಂಪೌಂಡಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗುವಾಗ ಮೈಮೇಲೆ ಮುಳ್ಳೇಳುತ್ತದೆ, ಮರುದಿನ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತೇವೆ, ಹೊತ್ತು ಮುಳುಗಿದ ಮೇಲೆ ಮತ್ತೆ ಯಾರೂ ಆ ಮಾತು ಎತ್ತುವುದಿಲ್ಲ. ನಾನು ನಾಂಪಲ್ಲಿಯಲ್ಲಿ ಕೋರ್ಟಿನ ಹೊರಗೆ ಮೇಜು ಹಾಕಿಕೊಂಡು ಅರ್ಜಿ ಟೈಪು ಮಾಡುವವನು. ಇಪ್ಪತ್ತು ವರ್ಷ ಮಂದಿಯ ಜಗಳಗಳನ್ನೇ ಟೈಪು ಮಾಡಿದ ಮೇಲೆ ದೆವ್ವಗಿವ್ವದ ಭಯ ನನಗಿಲ್ಲ ಎಂದುಕೊಂಡಿದ್ದೆ. ಟಿವಿಯಲ್ಲಿ ಆ ಕೋರ್ಟಿನ ಧಾರಾವಾಹಿ ಶುರುವಾಗುವವರೆಗೆ ಅದು ನಿಜವೂ ಆಗಿತ್ತು.

ಖಾಲಿ ಕುರ್ಚಿ

ಹಿಮಾಯತ್‌ನಗರದ ಸೀರೆ ಅಂಗಡಿಗಳ ಹಿಂದೆ ನಮ್ಮದು ಐದು ಮನೆಗಳ ಹಳೆಯ ಕಾಂಪೌಂಡು. ಬೀದರ, ಕಲಬುರಗಿ, ರಾಯಚೂರು ಕಡೆಯವರೇ ಎಲ್ಲರೂ. ಮೂಲೆಮನೆ ಮಾವಶಿಯದು. ಸಂಬಂಧದಲ್ಲಿ ಯಾರಿಗೂ ಚಿಕ್ಕಮ್ಮನಲ್ಲ, ಕರೆಯುವುದಕ್ಕೆ ಎಲ್ಲರಿಗೂ ಮಾವಶಿ.

ಎಂಟು ವರ್ಷದ ಹಿಂದೆ ಅವರ ಪಡಸಾಲೆಯ ಬಲ್ಬು ಸುಟ್ಟಿತು. ಅವರ ಯಜಮಾನರು ಅದನ್ನು ಬಿಚ್ಚಿ, ಅಂಗಡಿಯವನಿಗೆ ತೋರಿಸಲಿಕ್ಕೆಂದು ಕಿಸೆಗೆ ಹಾಕಿಕೊಂಡು, "ಹಿಂಗ ಹೋಗಿ ಹಂಗ ಬಂದೆ" ಎಂದು ಹೊರಟವರು ಬರಲೇ ಇಲ್ಲ. ಪೊಲೀಸರಿಗೆ ದೂರು ಕೊಟ್ಟದ್ದಾಯಿತು, ಆಸ್ಪತ್ರೆ, ಸ್ಟೇಶನ್, ಗುಡಿ, ದರ್ಗಾ ಎಲ್ಲ ಹುಡುಕಿದ್ದಾಯಿತು. ಮಾವಶಿ ಮಾತ್ರ ಆ ಹೋಲ್ಡರಿಗೆ ಬೇರೆ ಬಲ್ಬು ಹಾಕಗೊಡಲಿಲ್ಲ. "ತರ್ತೀನಿ ಅಂದಾರ, ತರ್ತಾರ" ಎಂದರು. ಯಜಮಾನರ ಬೆತ್ತದ ಕುರ್ಚಿ ಬಾಗಿಲ ಪಕ್ಕದಲ್ಲಿ ಹಾಗೆಯೇ ಇದೆ, ಯಾರೂ ಅದರಲ್ಲಿ ಕೂಡುವುದಿಲ್ಲ.

ಆದರೆ ಕಾಂಪೌಂಡಿನ ದೊಡ್ಡ ಟಿವಿ ಇರುವುದು ಅದೇ ಪಡಸಾಲೆಯಲ್ಲಿ. ಕಿಟಕಿಗೆ ಅಡ್ಡವಾಗಿ ಸೀರೆ ಅಂಗಡಿಯವರ ಗೋಡೌನು ಎದ್ದಿರುವುದರಿಂದ ಅಲ್ಲಿ ಹಗಲೂ ಕತ್ತಲೆಯೇ. ಹೀಗಾಗಿ ಧಾರಾವಾಹಿ ನೋಡುವಾಗ ನಮ್ಮೆಲ್ಲರ ಮುಖ ಟಿವಿಯ ಬೆಳಕಿನಲ್ಲಿ ನೀಲಿಯಾಗಿರುತ್ತದೆ. ನಿಯಮವೂ ಕೋರ್ಟಿನದೇ: ಕಥೆ ನಡೆಯುವಾಗ ಮಾತಿಲ್ಲ, ಹಿಂದೆ ತಿರುಗುವಂತಿಲ್ಲ. ವಾದವೆಲ್ಲ ಜಾಹೀರಾತು ಬಂದಾಗ. ತಪ್ಪಿದವರು ಎಲ್ಲರಿಗೂ ಚಹಾ ಮಾಡಬೇಕು.

ಒಂದು ಸಂಜೆ ಯಾರದೋ ವಿಳಾಸ ಹುಡುಕುತ್ತ ಒಬ್ಬ ಜೀವವಿಮೆಯ ಏಜೆಂಟ್ ಒಳಗೆ ಬಂದು, ಸೀದಾ ಆ ಕುರ್ಚಿಯಲ್ಲಿ ಕೂತುಬಿಟ್ಟ. ನಾವು ನಿಯಮ ಪಾಲಿಸುವವರು, ಜಾಹೀರಾತಿನ ತನಕ ಸುಮ್ಮನಿದ್ದೆವು. ಆಮೇಲೆ ಐದೂ ನೀಲಿ ಮುಖಗಳು ಒಮ್ಮೆಲೇ ಅವನತ್ತ ತಿರುಗಿದವು.

"ಅದು ನಮ್ಮ ಮನಿಯವರ ಜಾಗಾ ಅಪ್ಪಾ" ಎಂದರು ಮಾವಶಿ, ಬಹಳ ಮೆತ್ತಗೆ.

"ಕೂತಿರ್ತೀನಿ ಬಿಡ್ರಿ, ಅವರು ಬಂದ ಕೂಡ್ಲೆ ಏಳ್ತೀನಿ. ಎಲ್ಲಿಗೆ ಹೋಗ್ಯಾರ?"

"ಗೊತ್ತಿಲ್ಲಪಾ. ಎಂಟು ವರ್ಷ ಆತು. ಇನ್ನೇನ್ ಬರೋ ಹೊತ್ತು."

ಅವನು ಓಡಿದ ರಭಸಕ್ಕೆ ಒಂದು ಚಪ್ಪಲಿ ಇಲ್ಲೇ ಉಳಿಯಿತು. ನಮ್ಮ ಗಲ್ಲಿಯಲ್ಲಿ ಈಗ ಯಾರಿಗೂ ಜೀವವಿಮೆಯ ಕಾಟವಿಲ್ಲ.

ತಕರಾರು ಅರ್ಜಿ

ಧಾರಾವಾಹಿಯ ನಾಯಕಿ ಲಾಯರಮ್ಮ. ಅವಳು ಸೋಡಚೀಟಿ ಕೊಟ್ಟು ಬಿಟ್ಟ ಗಂಡನೇ ಸರಕಾರಿ ವಕೀಲ, ದಿನಾ ಎದುರು ನಿಂತು ವಾದ ಮಾಡುತ್ತಾನೆ. ಅವಳ ಕೈಕೆಳಗಿನ ಚಂದದ ಜೂನಿಯರ್ ಒಬ್ಬ ಫೈಲು ಹಿಡಿದುಕೊಂಡು ಅವಳನ್ನೇ ನೋಡುತ್ತಿರುತ್ತಾನೆ. ಅವಳು ಯಾರನ್ನು ಕಟ್ಟಿಕೊಳ್ಳಬೇಕು ಎಂಬುದರ ಮೇಲೆ ಕಾಂಪೌಂಡು ಎರಡು ಹೋಳಾಯಿತು. ಹಳೆಯ ಗಂಡನ ಪಾರ್ಟಿಗೆ ರೈಲ್ವೆಯಿಂದ ನಿವೃತ್ತರಾದ ಗಾರ್ಡ್ ಕಾಕಾ ಮುಖಂಡರು, ಜೂನಿಯರ್ ಪಾರ್ಟಿಗೆ ಟೀಚರಬಾಯಿ.

"ಹಳಿ ತಪ್ಪಿದ ಗಾಡಿ ಎತ್ತಿ ಮತ್ತ ಹಳಿ ಮ್ಯಾಲೆ ಇಡಬಹುದು" ಎಂದರು ಕಾಕಾ.

"ಇಡ್ರಿ. ಇಟ್ಟು ನೀವ ಕುಂದರ್ರಿ ಅದರಾಗ" ಎಂದರು ಟೀಚರಬಾಯಿ.

ಜಗಳ ಬಗೆಹರಿಯದೆ ಕಾಕಾ ನನ್ನ ಹತ್ತಿರ ಬಂದರು. ಜೂನಿಯರ್‌ನ ಮದುವೆಗೆ ಒಂದು ತಕರಾರು ಅರ್ಜಿ ಬೇಕಂತೆ, ಟೀಚರಬಾಯಿಯ ಬಾಗಿಲಿಗೆ ಅಂಟಿಸಲಿಕ್ಕೆ. ನಾನೂ ಹುಡುಗಾಟಕ್ಕೆ ಬಿದ್ದು, "ಸದರಿ ಜೂನಿಯರ್‌ಗೆ ವರಂಗಲ್ಲಿನಲ್ಲಿ ಈಗಾಗಲೇ ಒಬ್ಬಳು ಹೆಂಡತಿಯಿದ್ದು, ಆಕೆಯ ಎಡಗೆನ್ನೆಯ ಮೇಲೆ ಮಚ್ಚೆ ಇರುತ್ತದೆ" ಎಂದು ಟೈಪು ಮಾಡಿಕೊಟ್ಟೆ.

ನಾಲ್ಕನೆಯ ದಿನ ಧಾರಾವಾಹಿಯಲ್ಲಿ ಒಂದು ಬಸ್ಸು ಬಂದು ನಿಂತಿತು. ವರಂಗಲ್ಲಿನ ಬಸ್ಸು. ಅದರಿಂದ ಒಬ್ಬಳು ಹೆಂಗಸು ಇಳಿದು, ಜೂನಿಯರ್‌ನನ್ನು ತೆಲುಗಿನಲ್ಲಿ ಗಂಡನನ್ನು ಕರೆಯುವಂತೆ "ಏಮಂಡೀ" ಎಂದು ಕರೆದಳು. ಕ್ಯಾಮೆರಾ ಮೆಲ್ಲಗೆ ಅವಳ ಎಡಗೆನ್ನೆಯ ಹತ್ತಿರ ಹೋಯಿತು. ಮಚ್ಚೆ ಇತ್ತು.

ಆ ದಿನ ನಿಯಮ ಮುರಿದು ಎಲ್ಲರೂ ನನ್ನ ಕಡೆ ತಿರುಗಿದರು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಒಂದು ಗೇಣು ಆಚೆ ಸರಿದಳು. ನನಗೇ ನನ್ನ ಬೆರಳುಗಳನ್ನು ನೋಡಿಕೊಳ್ಳಲು ಅಂಜಿಕೆಯಾಯಿತು. ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಮುಂಜಾನೆ ಬಾಗಿಲು ತೆಗೆದರೆ ಕಾಕಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದರು.

"ತಮ್ಮಾ, ಮಮ್ಮಗಳಿಗೆ ಎರಡು ವರ್ಷದಿಂದ ವರ ನೋಡಾಕತ್ತೀವಿ. ಗಚ್ಚಿಬೌಲಿ ಕಡೆ ನೌಕರಿ ಇದ್ದಾವನ್ನ ಒಬ್ಬನ್ನ ಟೈಪ್ ಮಾಡಿಕೊಡು. ಮಚ್ಚಿ ಬ್ಯಾಡ."

ಮೂರು ಬಡಿತ

ಮುಂದೆ ಲಾಯರಮ್ಮನಿಗೆ ಹೊಸ ಕೇಸು ಬಂತು, ನಮ್ಮ ಪಡಸಾಲೆಯಲ್ಲಿ ಮಾತು ನಿಂತಿತು. ಏಳು ವರ್ಷದ ಹಿಂದೆ ಮನೆ ಬಿಟ್ಟು ಹೋದ ಗಂಡ ಸತ್ತಿದ್ದಾನೆಂದು ಕೋರ್ಟು ಸಾರಬೇಕೆಂದು ಒಬ್ಬ ಹೆಂಡತಿ ಕೇಳಿಕೊಂಡು ಬಂದಿದ್ದಳು. ಮಾವಶಿಯ ಮುಖ ನೋಡುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಅವರು ಮಾತ್ರ ಕುಂಕುಮ ಹಚ್ಚಿದ ಹಣೆ ನೆಟ್ಟಗೆ ಹಿಡಿದುಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಒಂದು ಸಂಜೆ ಆ ಹೆಂಡತಿ ಕಟಕಟೆಯಲ್ಲಿ ನಿಂತು, "ಅವರು ಬಂದರೆ ಬಾಗಿಲು ಮೂರು ಸಲ ಬಡಿಯುತ್ತಾರೆ" ಎಂದಳು.

ಮಾವಶಿಯ ಹಿತ್ತಲ ಬಾಗಿಲು ಮೂರು ಸಲ ಬಡಿಯಿತು.

ಆ ಬಾಗಿಲಿಗೆ ಯಾರೂ ಬರುವುದಿಲ್ಲ. ಮೂವತ್ತು ವರ್ಷ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬನೇ ಕೂತು ಕಾಡು ದಾಟಿದವ ಎಂದು ಕೊಚ್ಚಿಕೊಳ್ಳುವ ಗಾರ್ಡ್ ಕಾಕಾ ಟೀಚರಬಾಯಿಯ ಬೆನ್ನ ಹಿಂದೆ ಅಡಗಿದರು. ಮತ್ತೆ ಮೂರು ಬಡಿತ. ಮಾವಶಿ ಎದ್ದರು, ಸೆರಗು ಸರಿಮಾಡಿಕೊಂಡರು, ಹೋಗಿ ಚಿಲಕ ತೆಗೆದರು.

ಗ್ಯಾಸ್ ಸಿಲಿಂಡರಿನವನು ಬೆವರೊರೆಸಿಕೊಳ್ಳುತ್ತ ನಿಂತಿದ್ದ. ಮುಂದಿನ ಗಲ್ಲಿ ಅಗೆದಿದ್ದರಂತೆ, ಹಿಂದಿನಿಂದ ಬಂದಿದ್ದ.

"ನಾವು ಬುಕ್ ಮಾಡಿಲ್ಲಲ್ಲಪಾ" ಎಂದರು ಮಾವಶಿ.

ಅವನು ಚೀಟಿ ನೋಡಿ ಅವರ ಯಜಮಾನರ ಹೆಸರನ್ನು ಗಟ್ಟಿಯಾಗಿ ಓದಿದ. "ಸಾಬ್ ಬುಕ್ ಕರೇ ಅಮ್ಮಾ."

ಸಾಹೇಬರೇ ಬುಕ್ ಮಾಡಿದ್ದಂತೆ. ಆಮೇಲೆ ವಿಚಾರಿಸಿದರೆ, ಮಾವಶಿಯ ಕಷ್ಟ ನೋಡಲಾರದೆ ನನ್ನ ಹೆಂಡತಿಯೇ ಫೋನಿನಲ್ಲಿ ಬುಕ್ ಮಾಡಿ ಹೇಳಲು ಮರೆತಿದ್ದಳು. ಆ ಮನೆಯ ಗ್ಯಾಸು, ಮೀಟರು, ಮನೆಯ ಕಾಗದ ಎಲ್ಲವೂ ಇನ್ನೂ ಅವರ ಹೆಸರಿನಲ್ಲೇ ಇದ್ದವು. ಅದು ತಿಳಿಯುವುದಕ್ಕೆ ಅರ್ಧ ತಾಸು ಹಿಡಿಯಿತು. ಆ ಅರ್ಧ ತಾಸಿನಲ್ಲಿ ಬಾಯಿ ತೆರೆದವರು ಗಾರ್ಡ್ ಕಾಕಾ ಒಬ್ಬರೇ.

"ಹೋದವರು ಗ್ಯಾಸ್ ಬುಕ್ ಮಾಡ್ತಾರಂದ್ರ, ಅಲ್ಲೂ ಅಡಗಿ ನಾವ ಮಾಡ್ಕೋಬೇಕಂತ ಕಾಣ್ತೈತಿ."

ಗುರುತಿನ ವಸ್ತು

ಮರುವಾರ ಮಾವಶಿ ನಾಂಪಲ್ಲಿಗೆ ಬಂದು ನನ್ನ ಮೇಜಿನ ಮುಂದೆ ಕೂತರು.

"ಏಳು ವರ್ಷ ಸುದ್ದಿ ಇಲ್ಲಂದ್ರ ಸತ್ತಾರಂತ ಕೋರ್ಟು ಬರದು ಕೊಡತೈತಿ ಅಂತ ಲಾಯರಮ್ಮ ಹೇಳಿದ್ಲಲ್ಲ, ಖರೇ ಏನೋ?"

"ಖರೇನ್ರಿ ಮಾವಶಿ."

"ಹಂಗಾರ ನಂದೂ ಬರಿ. ಗೋಡಿ ಬಿರುಕ ಬಿಟ್ಟೈತಿ. ಏನ್ ಮಾಡಸ್ಬೇಕಂದ್ರೂ ಅವರ ಸಹಿ ಕೇಳ್ತಾರ. ಇಲ್ಲದವರ ಸಹಿ ಎಲ್ಲಿಂದ ತರ್ಲಿ?"

ನನ್ನ ಬೆರಳು ಕೀಬೋರ್ಡಿನ ಮೇಲೆ ಇಳಿಯಲೊಲ್ಲವು. ನಾನು ಟೈಪು ಮಾಡಿದ್ದು ಆಗಿಬಿಡುತ್ತದೆ ಎಂದು ಕಾಂಪೌಂಡೆಲ್ಲ ನಂಬಿತ್ತು. ನಾನು ನಂಬಿರಲಿಲ್ಲ, ಆದರೂ ಆ ಮಚ್ಚೆ ಕಣ್ಣ ಮುಂದೆ ಬರುತ್ತಿತ್ತು. ಆ ಮನುಷ್ಯ ಎಲ್ಲೋ ಉಸಿರಾಡಿಕೊಂಡಿದ್ದರೆ?

"ಕಡೀಕ ನೋಡಿದಾಗ ಅವರ ಹತ್ರ ಗುರುತಿನ ವಸ್ತು ಏನಿತ್ತು?" ಎಂದು ಕೇಳಿದೆ. ಅರ್ಜಿಯಲ್ಲಿ ಅದು ಬೇಕಾಗುತ್ತದೆ.

"ಸುಟ್ಟ ಬಲ್ಬು" ಎಂದರು. "ನಡೀವಾಗ ಕಿಸೇದಾಗ ಒಳಗಿನ ತಂತಿ ಟಿಣ್ ಟಿಣ್ ಅಂತಿತ್ತು. ಗಲ್ಲಿ ತಿರುಗೋತನಕ ಕೇಳ್ತು. ಈಗೂ ಒಮ್ಮೊಮ್ಮೆ ಕೇಳತೈತಿ."

ಟೈಪು ಮಾಡಿ ಕೊಟ್ಟೆ. ಮಾವಶಿ ಪೆನ್ನು ಹಿಡಿದು ಬಹಳ ಹೊತ್ತು ಕೂತರು. ಸಹಿ ಹಾಕಿದರೆ ತಮ್ಮ ಕುಂಕುಮವನ್ನು ತಾವೇ ಅಳಿಸಿಕೊಂಡಂತೆ.

"ಐತವಾರ ಧಾರಾವಾಹ್ಯಾಗ ತೀರ್ಪು ಐತಿ" ಎಂದು ಪೆನ್ನು ಕೆಳಗಿಟ್ಟರು. "ಆ ಹೆಣ್ಣಮಗಳಿಗೆ ಕೋರ್ಟು ಏನ್ ಹೇಳತೈತಿ, ನನಗೂ ಅದ. ಅಲ್ಲೇ ಸಹಿ ಹಾಕ್ತೀನಿ, ಕಾಗದಾ ತಗೊಂಡ ಬಾ." ಎದ್ದವರು ಮತ್ತೆ ತಿರುಗಿದರು. "ತಮ್ಮಾ, ಸತ್ತಾರಂತ ಬರದ ಮ್ಯಾಲೆ ಅವರ ಬಂದ್ರ, ಮಂದಿ ಕಾಗದಾ ನಂಬತಾರೋ ಅವರನ್ನ ನಂಬತಾರೋ?"

"ಆಫೀಸಿನ್ಯಾಗ ಕಾಗದಾನ ನಂಬೋದ್ರಿ."

ಮಾವಶಿ ನಿಟ್ಟುಸಿರು ಬಿಟ್ಟರು. "ಹಂಗಾರ ಬರೋವಾಗ ಆಧಾರ್ ಕಾರ್ಡ್ ತರಬೇಕಾಗತೈತಿ. ಅದನ್ನೂ ಇಲ್ಲೇ ಬಿಟ್ಟ ಹೋಗ್ಯಾರ ನೋಡು."

ತೀರ್ಪು

ಭಾನುವಾರ ಮಧ್ಯಾಹ್ನ ಮೂರಕ್ಕೆ ಧಾರಾವಾಹಿಯ ವಿಶೇಷ ಸಂಚಿಕೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಅದೇ ಕತ್ತಲೆ. ಎಲ್ಲರಿಗಿಂತ ಮುಂದೆ ಮಾವಶಿ, ಕೈಯಲ್ಲಿ ಪೆನ್ನು. ಪಕ್ಕದಲ್ಲಿ ನಾನು, ತೊಡೆಯ ಮೇಲೆ ಅರ್ಜಿ. ಲಾಯರಮ್ಮ ಕೊನೆಯ ವಾದ ಶುರು ಮಾಡಿದಳು.

ಆಗ ಹಿಂದೆ ಬೆತ್ತದ ಕುರ್ಚಿ ಕಿರ್ ಎಂದಿತು.

ಯಾರೋ ಕೂತ ಸದ್ದು. ನಿಯಮ ನಿಯಮವೇ, ಯಾರೂ ತಿರುಗಲಿಲ್ಲ. ನಿಜ ಹೇಳಬೇಕೆಂದರೆ ತಿರುಗುವ ಧೈರ್ಯವಿರಲಿಲ್ಲ. ಟೀಚರಬಾಯಿ ನನ್ನ ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಜಾಹೀರಾತು ಬಂದಿತು.

"ಆ ಹೆಣ್ಣಮಗಳು ಯಾಕ ಅಳಾಕತ್ತಾಳ್ರಿ?" ಎಂದಿತು ಹಿಂದಿನಿಂದ ಒಂದು ಒಡಕು ದನಿ.

ಧಾರಾವಾಹಿಯ ಕಥೆ ಕೇಳಿದರೆ ಗಾರ್ಡ್ ಕಾಕಾಗೆ ದೆವ್ವ ಭೂತ ಎಲ್ಲ ಮರೆತುಹೋಗುತ್ತದೆ. ಟಿವಿಯ ಕಡೆ ನೋಡುತ್ತಲೇ ಹೇಳಿದರು. "ಆಕಿ ಗಂಡ ಹೇಳದ ಕೇಳದ ಮನಿ ಬಿಟ್ಟು ಹೋಗ್ಯಾನ. ಕಾಗದಿಲ್ಲ, ಫೋನಿಲ್ಲ. ಆಕಿ ದಾರಿ ನೋಡಿ ನೋಡಿ ಸಾಕಾಗಿ, ಈಗ ಸತ್ತಾನಂತ ಬರಸಾಕ ಬಂದಾಳ."

"ಎಲ್ಲಿಗೆ ಹೋಗಿದ್ದ?"

"ಅದನ್ನ ಇನ್ನೂ ತೋರಿಸಿಲ್ಲ."

"ಅಂಥಾವ ತಿರುಗಿ ಬಂದ್ರ ಹೊಸ್ತಿಲಾ ದಾಟಿಸಬಾರದು" ಎಂದರು ಟೀಚರಬಾಯಿ, ಅವರೂ ಟಿವಿಗೇ.

"ಖರೇ ಐತ್ರಿ" ಎಂದಿತು ದನಿ. "ಅಂಥಾವ ಸತ್ತಾನಂತ ಬರಸೋದ ಛಲೋ. ಎಷ್ಟ ವರ್ಷ ಆತಂದ್ರಿ?"

"ಎಂಟು."

ಧಾರಾವಾಹಿಯಲ್ಲಿ ಏಳು. ಎಂಟು ಎಂದವರು ಮಾವಶಿ. ಅವರ ಕೈಯ ಪೆನ್ನು ನೆಲಕ್ಕೆ ಬಿತ್ತು. ಆಗ ಕುರ್ಚಿಯ ಕಡೆಯಿಂದ, ಯಾರೋ ಕಿಸೆಯಲ್ಲಿ ಕೈಯಾಡಿಸಿದ ಹಾಗೆ, ಟಿಣ್ ಟಿಣ್ ಎಂದು ಕೇಳಿಸಿತು.

ಮಾವಶಿ ತಿರುಗಲಿಲ್ಲ. ಟಿವಿ ನೋಡುತ್ತಲೇ ಕೇಳಿದರು. "ಬಲ್ಬು ತಂದೀರೇನು?"

ಹಿಂದಿನಿಂದ ಉತ್ತರ ಬಂತು. "ಅಂಗಡಿ ಮುಚ್ಚಿತ್ತು."

ಆಗ ತಿರುಗಿದೆವು. ಕುರ್ಚಿಯಲ್ಲಿ ಮೈ ಇಳಿದುಹೋದ, ಬಿಳಿ ಗಡ್ಡದ ಒಬ್ಬ ಮನುಷ್ಯ, ಮೊಣಕಾಲ ಮೇಲೆ ಚೀಲ ಇಟ್ಟುಕೊಂಡು, ತಲೆ ತಗ್ಗಿಸಿ ಕೂತಿದ್ದರು. ಗಾರ್ಡ್ ಕಾಕಾ ಅಂಬೆಗಾಲಿಟ್ಟುಕೊಂಡು ಹೋಗಿ, ನೆಲಕ್ಕೆ ಗಲ್ಲ ಹಚ್ಚಿ ಅವರ ಪಾದ ನೋಡಿದರು.

"ಮುಂದಕ್ಕ ಅದಾವ" ಎಂದು ನಮಗೆಲ್ಲ ಸಾರಿದರು. "ದೆವ್ವ ಅಲ್ಲ."

ಟಿವಿಯಲ್ಲಿ ಜಡ್ಜು ತೀರ್ಪು ಓದಿ ಎದ್ದೇ ಹೋದರು. ಏನು ಓದಿದರೋ ನಮ್ಮಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮಾವಶಿ ಎದ್ದರು. ಸೆರಗಿನಿಂದ ಮುಖ ಒರೆಸಿಕೊಂಡರು, ಮೂಗು ಒರೆಸಿಕೊಂಡರು, ಕುರ್ಚಿಯ ಮುಂದೆ ಹೋಗಿ ನಿಂತರು. ಬೈಯುತ್ತಾರೆ ಎಂದುಕೊಂಡೆ, ಬೀಳುತ್ತಾರೆ ಎಂದೂ ಅನಿಸಿತು. "ಏಳ್ರಿ" ಎಂದರು. "ಮೂಲಿ ಅಂಗಡಿ ಐತವಾರನೂ ತಗದಿರತೈತಿ." ಯಜಮಾನರು ಎದ್ದು ಚಪ್ಪಲಿ ಮೆಟ್ಟಿದರು. ಮಾವಶಿ ತಾವೂ ಮೆಟ್ಟಿ, ಅವರ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಹೊರಟರು.

ಇನ್ನು ಇದೇಕೆ ಎಂದು ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ಹರಿಯಲು ಹೋದೆ. ಮಾವಶಿ ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದರು.

"ತಮ್ಮಾ, ಹರೀಬ್ಯಾಡ, ಇಟ್ಟಿರು. ಅಂಗಡಿ ಮುಚ್ಚಿದ್ರ ಬೇಕಾಗತೈತಿ."